ಬಿಸಿಲಿಗಿಟ್ಟ ಬಣ್ಣದ ನೀರು

ಚಿನ್ನದ ಗಣಿಯ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ್ದ ನಂದಿದುರ್ಗದ ಲೈನ್ ಮನೆಯೊಂದರ ಹಿತ್ತಲಲ್ಲಿ ಸೆಲ್ವರಾಜ್ ಹಳೆಯ ಸೀರೆಗಳಿಗೆ ಬಣ್ಣ ಹಾಕುತ್ತಿದ್ದ. ಕೊಟ್ಟವರೇ ಗುರುತು ಹಿಡಿಯಲಾರದಷ್ಟು ಚೆನ್ನಾಗಿ ಹಾಕುತ್ತಿದ್ದ. ಉಳಿದ ನೀರು ಚರಂಡಿಗೆ ಹೋಗುತ್ತಿತ್ತು. ಆ ಚರಂಡಿ ಕನಕಮ್ಮನ ಮನೆ ಮುಂದೆ ಹಾಯುತ್ತಿತ್ತು.

ಏಪ್ರಿಲ್‌ನಲ್ಲಿ ಒಂದು ಸಂಜೆ ಜೋರು ಮಳೆ ಬಂದು ಚರಂಡಿ ಉಕ್ಕಿತು. ಕನಕಮ್ಮನ ಬಸಳೆ ಬಳ್ಳಿಯ ಬುಡದಲ್ಲಿ ನೀಲಿ ನೀರು ನಿಂತಿತು. ವಾರದೊಳಗೆ ಬಳ್ಳಿ ಸತ್ತಿತು.

“ಜಗಳಕ್ಕೆ ಬಂದಿಲ್ಲ ಸೆಲ್ವ,” ಎಂದಳು ಕನಕಮ್ಮ. “ಬಳ್ಳಿ ಓದ್ರೆ ಓಯ್ತು, ಇನ್ನೊಂದು ನೆಡ್ತೀನಿ. ಈ ನೀರು ಬೋರ್‌ಗೂ ಇಳೀತದೋ ಏನೋ ಅಂತ ಭಯ ಕಣಪ್ಪ.”

ತಾಯಿ ತೀರಿಕೊಂಡ ಮೇಲೆ ಸೆಲ್ವರಾಜನಿಗೆ ವರ್ಷಗಟ್ಟಲೆ ಊಟ ಹಾಕಿದವಳು ಅವಳು. ಬೈದಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ಮರುದಿನವೇ ಬಣ್ಣದ ಹಂಡೆಗಳನ್ನು ತೊಳೆದು ಬೋರಲು ಹಾಕಿದ. ಸೀರೆ ತಂದವರನ್ನು ವಾಪಸ್ ಕಳಿಸಿದ.

ಅವನ ಹೆಂಡತಿ ರಾಧಾಮಣಿ ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆಗೆ ಹೋಗಿ, ಅಲ್ಲಿನ ಕಾಲೇಜೊಂದರ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರ್ ಕೆಲಸ ಮಾಡುತ್ತಿದ್ದಳು. ಹನ್ನೆರಡು ವರ್ಷದಿಂದ ಗಾಜಿನ ಸಾಮಾನು ತೊಳೆಯುವುದೇ ಕೆಲಸ. ಆ ವರ್ಷ ಲೆಕ್ಚರರ್ ಶ್ರೀಧರ್ ಒಂದು ಪ್ರಯೋಗಕ್ಕಾಗಿ ಬಣ್ಣದ ನೀರಿಗೆ, ಬಿಸಿಲು ಬಿದ್ದರೆ ಬಣ್ಣ ಒಡೆಯುವ ಬಿಳಿ ಪುಡಿ ಬೆರೆಸಿ ತಾರಸಿಯ ಬಿಸಿಲಲ್ಲಿ ಇಡಿಸುತ್ತಿದ್ದರು. ಸಂಜೆಗೆ ಬಣ್ಣ ಇರುತ್ತಿರಲಿಲ್ಲ. ಆ ತಟ್ಟೆಗಳನ್ನು ಹೊತ್ತು ಹತ್ತಿ ಇಳಿಯುತ್ತಿದ್ದವಳು ಅವಳೇ.

“ಸಾರ್, ಆ ಪುಡಿ ನಮ್ಮನೆ ನೀರಿಗೂ ಆಕ್ಬೋದಾ?” ಎಂದು ಕೇಳಿದಳು.

ಶ್ರೀಧರ್ ಒಂದು ಡಬ್ಬಿ ತುಂಬ ಪುಡಿ ಕೊಟ್ಟರು. “ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬೆಳಕು ಪುಡಿಯ ಮೇಲೆ ಬೀಳಬೇಕು, ಅದು ಮುಖ್ಯ,” ಎಂದರು.

ಭಾನುವಾರ ರಾಧಾಮಣಿಯ ಒತ್ತಾಯಕ್ಕೆ ಸೆಲ್ವರಾಜ್ ಅವಳದೇ ಒಂದು ಸೀರೆಗೆ ಬಣ್ಣ ಹಾಕಿದ. ಉಳಿದ ನೀರನ್ನು ಪುಡಿ ಬೆರೆಸಿ ಬಕೆಟ್ಟಿನಲ್ಲಿ ಇಟ್ಟರು. ಸಂಜೆಗೆ ನೋಡಿದರೆ ನೀಲಿ ಹಾಗೇ ಇತ್ತು.

“ಬಿಡು ಮಣಿ. ನಂಗೋಸ್ಕರ ಇಷ್ಟು ಮಾಡಿದ್ಯಲ್ಲ, ಸಾಕು,” ಎಂದ ಸೆಲ್ವರಾಜ್.

ಸೋಮವಾರ ರೈಲಿನಲ್ಲಿ ಕೂತಾಗಲೂ ಅವಳಿಗೆ ಅದೇ ಯೋಚನೆ. ಕಾಲೇಜಿನ ತಟ್ಟೆಯಲ್ಲಿ ನೀರು ಬೆರಳಿನಷ್ಟೇ ಆಳ, ತಿಳಿ ನೀಲಿ. ತಮ್ಮ ಬಕೆಟ್ಟಿನದು ಮಸಿಯಂಥ ನೀರು, ಬಿಸಿಲು ಒಳಗೆ ಇಳಿದೇ ಇಲ್ಲ.

ಮುಂದಿನ ಭಾನುವಾರ ಸೀರೆ ಜಾಲಾಡಿದ ನೀರನ್ನೂ ಸೇರಿಸಿ ತೆಳುವಾಗಿಸಿ, ಅಗಲವಾದ ತಟ್ಟೆಗಳಲ್ಲಿ ಹರಡಿದರು. ನೆರಳಲ್ಲಿ ಕೂತು ಸರದಿಯ ಮೇಲೆ ಎದ್ದು ಕಲಕಿದರು. ಅವಳಿಗೆ ತೂಕಡಿಕೆ ಬಂದಾಗ ಎರಡೂ ಸರದಿ ಅವನೇ ಎದ್ದ. ಮೂರು ಗಂಟೆಗೆ ನೀರು ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಪುಡಿ ತಳಕ್ಕಿಳಿದ ಮೇಲೆ ಸೆಲ್ವರಾಜ್ ಒಂದು ಲೋಟ ಬಗ್ಗಿಸಿಕೊಂಡು ಬೆಳಕಿಗೆ ಹಿಡಿದ. ಆಮೇಲೆ ಅದನ್ನು ಅವಳ ಕೈಗಿತ್ತ.

ಬಾಟಲಿಯಲ್ಲಿ ಒಯ್ದ ನೀರನ್ನು ಶ್ರೀಧರ್ ಪರೀಕ್ಷಿಸಿದರು. “ಬಣ್ಣ ಹೋಗಿದೆ, ನಿಜ. ಆದರೆ ಅದು ಒಡೆದ ಚೂರುಗಳು ಇನ್ನೂ ನೀರಲ್ಲೇ ಇವೆ. ಇನ್ನಷ್ಟು ಬಿಸಿಲು ಬೇಕು,” ಎಂದರು.

ಇದನ್ನು ಗಂಡನಿಗೆ ಹೇಳಲು ಅವಳಿಗೆ ಮನಸ್ಸಿರಲಿಲ್ಲ. ಆದರೂ ಹೇಳಿದಳು. ಅವನು ನಕ್ಕುಬಿಟ್ಟ.

“ಅಷ್ಟೇನಾ? ಇನ್ನೆರಡು ದಿನ ಇಡಾಣ. ನಮ್ಮೂರಾಗೆ ಬಿಸಿಲಿಗೇನು ಬರವಾ?”

ಮೂರನೆಯ ಬಾಟಲಿ ನೋಡಿ ಶ್ರೀಧರ್ ತಲೆಯಾಡಿಸಿದರು. “ಚೂರುಗಳೂ ಹೋಗಿವೆ. ಬಣ್ಣಕ್ಕೆ ಹಾಕಿದ ಉಪ್ಪಿನಂಶ ಮಾತ್ರ ಉಳಿದಿದೆ. ಕುಡಿಯೋಕೂ ಗಿಡಕ್ಕೂ ಬೇಡ. ಚರಂಡಿಗೂ ಯಾಕೆ? ಮುಂದಿನ ಸೀರೆಗೆ ಇದೇ ನೀರು ಬಳಸಿ.”

ಸೆಲ್ವರಾಜ್ ಮತ್ತೆ ಕೆಲಸ ಶುರುಮಾಡಿದ. ವಾರಕ್ಕೆ ನಾಲ್ಕೇ ಸೀರೆ, ಮೋಡದ ದಿನಗಳಲ್ಲಿ ಅದೂ ಇಲ್ಲ. ಮೊದಲ ದಿನವೇ ಹೋಗಿ ಕನಕಮ್ಮನನ್ನು ಕರೆತಂದ. ಅವಳು ಸೊಂಟಕ್ಕೆ ಕೈಕೊಟ್ಟು ಬಗ್ಗಿ ತಟ್ಟೆಗಳನ್ನು ಒಂದೊಂದಾಗಿ ನೋಡಿದಳು.

“ಬಣ್ಣ ಎಲ್ಲಿಗೋಯ್ತು?”

“ನಂಗೇನು ಗೊತ್ತು ದೊಡ್ಡಮ್ಮ. ಇವಳ್ನ ಕೇಳಿ.”

ಹನ್ನೆರಡು ವರ್ಷದಲ್ಲಿ ರಾಧಾಮಣಿಯನ್ನು ಯಾರೂ ಹೀಗೆ ಕೇಳಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಬೆಳಕು ಪುಡಿಯನ್ನು ಮುಟ್ಟಿದಾಗ ನೀರಲ್ಲಿ ಏನಾಗುತ್ತದೆ, ಬಣ್ಣ ಹೇಗೆ ಚೂರುಚೂರಾಗುತ್ತದೆ ಎಂದು ನಿಧಾನವಾಗಿ ಹೇಳತೊಡಗಿದಳು. ಸೆಲ್ವರಾಜ್ ಇದನ್ನೆಲ್ಲ ಹತ್ತು ಸಲ ಕೇಳಿದ್ದ. ಆದರೂ ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಅವಳ ಮುಖವನ್ನೇ ನೋಡುತ್ತ ಪೂರ್ತಿ ಕೇಳಿದ.