ಮನೆಗೊಂದು ಜನ

ಮದ್ರಾಸಿನ ಮೈಲಾಪೂರಿನ ಒಂದು ಹೋಟೆಲಿನಲ್ಲಿ ಮಧ್ಯಾಹ್ನದ ಗಲಾಟೆ ಮುಗಿದು, ಸಂಜೆಯ ಬಜ್ಜಿಗೆ ಎಣ್ಣೆ ಇಡುವ ಮೊದಲು, ಮನೆಯವರು ಕೊನೆಯ ಮೇಜಿನಲ್ಲಿ ಊಟಕ್ಕೆ ಕೂರುವುದು ರೂಢಿ. ಅಂದು ಮನೆಮಗಳು ಪ್ರಣಮ್ಯಾ ಎಲೆಯ ಪಕ್ಕ ಫೋನು ಇಟ್ಟುಕೊಂಡೇ ಊಟಕ್ಕೆ ಕೂತಳು.

ಒಂದು ವರ್ಷದಿಂದ ಅವಳು ರಾಯಪುರಂನ ಒಂದು ಚರ್ಚಿಗೆ ಹೋಗುತ್ತಿದ್ದಳು. ಹೋಟೆಲು ನಡೆಸುವ ಅಪ್ಪ ಜಯಪ್ರಕಾಶರಿಗೆ ಅದು ಗೊತ್ತಿತ್ತು. ಮಗಳು ಬಾಯಿ ಬಿಡದಿದ್ದರೆ ಸಾಕೆಂದು ಕಣ್ಣು ಮುಚ್ಚಿಕೊಂಡಿದ್ದರು. ಬಾಯಿ ಬಿಡುವುದು ಅವಳ ಜಾಯಮಾನವೂ ಅಲ್ಲ. ಎಂ.ಎ. ಮುಗಿಸಿದರೂ ಗಿರಾಕಿ ಸಾಂಬಾರು ಕೇಳಿದರೆ ಒಳಗೆ ಓಡುವ ಹುಡುಗಿ, ಹೇಳಬೇಕಾದ್ದೆಲ್ಲ ಡೈರಿಗೆ. ಆದರೆ ಈಗ ಚರ್ಚಿನಲ್ಲಿ ಆರು ವಾರಗಳ ಕೂಟವೊಂದು ಶುರುವಾಗುವುದಿತ್ತು. ಯೇಸುವನ್ನು ಅರಿಯದವರು, ನಂಬದವರು ಬಂದು ಕೂರಬಹುದು, ಕೇಳಬಹುದು, ವಾದಿಸಬಹುದು. ಸಿಕ್ಕಿದ್ದನ್ನು ಮನೆಯವರಿಂದ ಬಚ್ಚಿಡುವುದು ಕದ್ದು ತಿಂದಂತೆ ಅನಿಸಿ, ಬೆಳಿಗ್ಗೆ ಅದರ ಕಾರ್ಡಿನ ಫೋಟೊವನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಎಲ್ಲರೂ ನೋಡಿದರು, ಯಾರೂ ಉಸಿರೆತ್ತಲಿಲ್ಲ. ತಾಂಬರಂನ ಚಂದು ಮಾವ ಮಾತ್ರ ಅದರ ಕೆಳಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸಿದ್ದ.

"ಅಕ್ಕಾ, ಡಿಲೀಟ್ ಮಾಡಿಬಿಡು. ಎದುಕ್ಕು ಸುಮ್ಮನೆ ಜಗಳ?" ತಮ್ಮ ವರುಣ್ ತಲೆಯೆತ್ತದೆ, ಎಂದಿನ ತಮಿಳು ಬೆರಕೆಯಲ್ಲಿ ಅಂದ.

ಅಜ್ಜಿ ಜಲಜಾಕ್ಷಿ ಅನ್ನಕ್ಕೆ ಮಜ್ಜಿಗೆ ಸುರಿದುಕೊಳ್ಳುತ್ತ ನಕ್ಕರು. "ಫೋನಿಗೆ ಹಾಕಿದ್ದು ಹೇಳಿಕೆಯಾ ಮಾರಾಯ್ತಿ, ಕರೆದ ಹಾಗೆ ಆಯ್ತಾ? ನಿನ್ನ ಅಪ್ಪನ ಉಪನಯನಕ್ಕೆ ಅಜ್ಜ ಇಡೀ ಮದ್ರಾಸು ಬಸ್ಸಲ್ಲಿ ಸುತ್ತಿ, ಹೊಸ್ತಿಲು ಹೊಸ್ತಿಲಲ್ಲಿ ನಿಂತು ಹೇಳಿಕೆ ಮಾಡಿ ಬಂದವರು. ಎದುರು ನಿಂತು ಕರೆಯುವ ತಾಕತ್ತಿಲ್ಲದ ಮೇಲೆ ಅದೆಂಥ ದೇವರು ನಿಂದು?"

ಪ್ರಣಮ್ಯಾ ಎದ್ದಳು. ಅಳಲಿಕ್ಕೆ ಎದ್ದಳೆಂದೇ ಎಲ್ಲರೂ ತಿಳಿದರು. ಅವಳು ಕೈ ತೊಳೆದು ಬಂದು ಅಪ್ಪನ ಎದುರು ನಿಂತಳು.

"ಅಪ್ಪಾ, ಬರುವ ಭಾನುವಾರ ಸಂಜೆ ನಾಲ್ಕಕ್ಕೆ ರಾಯಪುರಂ ಚರ್ಚಲ್ಲಿ ಕೂಟ ಉಂಟು. ಮನೆಮಂದಿಯೆಲ್ಲ ಮುಂಚಿತವಾಗಿ ಬಂದು ಚಂದಗಾಣಿಸಿಕೊಡಬೇಕು."

ಮದುವೆಗೆ ಕರೆಯುವ ಮಾತು, ಒಂದಕ್ಷರ ಬಿಡದೆ. ವರುಣ್‌ಗೆ ಅನ್ನ ನೆತ್ತಿಗೇರಿ ಕೆಮ್ಮು ಬಂತು.

"ಹುಚ್ಚಾ ನಿನಗೆ?" ಅಪ್ಪ ಪಿಸುಗುಟ್ಟಿದರು. "ಗಿರಾಕಿಗಳ ಕಿವಿಗೆ ಬಿದ್ರೆ? ನಮ್ಮಲ್ಲಿ ಇಲ್ಲದ್ದು ಅಲ್ಲಿ ಎಂತ ಉಂಟು?"

"ನಮ್ಮ ದೇವರಕೋಣೆಯನ್ನು ಜರೆಯಲಿಕ್ಕೆ ನಾನು ನಿಂತದ್ದಲ್ಲ. ಬಾಯಿ ಬಾರದವಳು ಅಂತ ಎಲ್ಲರೂ ಬಿಟ್ಟವಳನ್ನು ಯೇಸು ಹೆಸರು ಹಿಡಿದು ಕರೆದ ಹಾಗೆ ಆಯ್ತು ನನಗೆ. ನೀವು ಬಂದು ನೋಡಿ. ಬೇಡ ಅನಿಸಿದ್ರೆ ಎದ್ದು ಬನ್ನಿ."

"ಬರುದಿಲ್ಲ."

"ಮುಂದಿನ ವಾರ ಪುನಃ ಹೇಳ್ತೇನೆ."

"ನೀನೂ ಹೋಗುದು ಬೇಡ ಅಂದ್ರೆ?"

"ಹೋಗ್ತೇನೆ. ಕದ್ದು ಹೋಗುದಿಲ್ಲ, ಅಷ್ಟೆ."

ಅಪ್ಪ ಅರ್ಧ ಊಟ ಬಿಟ್ಟು ಎದ್ದರು. ಅಜ್ಜಿ ಎಲೆ ಮಡಚಲಿಲ್ಲ. ಹೇಳಿಕೆ ಬಂದ ಮನೆಯಿಂದ ಒಂದು ಜನವಾದರೂ ಹೋಗಲೇಬೇಕೆಂದು ಐವತ್ತು ವರ್ಷ ಈ ಮನೆಯವರನ್ನು ಕಂಡವರ ಮದುವೆಗಳಿಗೂ ಉತ್ತರಕ್ರಿಯೆಯ ಬೊಜ್ಜಗಳಿಗೂ ಅಟ್ಟಿದವರು ಅವರೇ. ಈಗ ತಾವೇ ಹೆಣೆದ ಬಲೆಯಲ್ಲಿ ಕೂತಿದ್ದರು.

"ಯಾವ ಬಸ್ಸು?" ಕೊನೆಗೆ ಗುರುಗುಟ್ಟಿದರು. "ನಾನು ಒಪ್ಪಿ ಬರುದಲ್ಲ ಮತ್ತೆ. ಕೈ ಮುಗಿಯುದಿಲ್ಲ, ನೀರು ಸಹ ಮುಟ್ಟುದಿಲ್ಲ. ಆ ನಿನ್ನ ಪಾದ್ರಿಯ ಹತ್ರ ನಾಲ್ಕು ಪ್ರಶ್ನೆ ಕೇಳ್ಲಿಕ್ಕುಂಟು."

"ಕೇಳಿ ಅಜ್ಜಿ. ಅದಕ್ಕೇ ಕರೆದದ್ದು."

ಅಷ್ಟರಲ್ಲಿ ಅಪ್ಪ ಕ್ಯಾಶಿನಲ್ಲಿ ಕೂತಿದ್ದರು. ಸಂಜೆಯ ಮೊದಲ ಗಿರಾಕಿ, ಎದುರು ಬೀದಿಯ ವಿಷ್ಣುತೀರ್ಥರು, ಕಾಫಿಗೆ ಚೀಟಿ ಕೇಳುತ್ತ ನಿಂತಿದ್ದರು. ಪ್ರಣಮ್ಯಾಳನ್ನು ಕಂಡ ಅಪ್ಪನ ಕಣ್ಣು 'ಒಳಗೆ ಹೋಗು' ಎಂದಿತು. ಈ ಸಲ ಅವಳು ಓಡಲಿಲ್ಲ. ಕೂಟದ ಕಾರ್ಡನ್ನು ಕ್ಯಾಶಿನ ಮೇಜಿನ ಮೇಲೆ ಇಟ್ಟಳು.

"ಭಾನುವಾರ ನಾಲ್ಕಕ್ಕೆ ಅಪ್ಪಾ, ರಾಯಪುರಂ ಚರ್ಚಲ್ಲಿ," ಎಂದು ಗಟ್ಟಿಯಾಗಿಯೇ ಹೇಳಿ, ವಿಷ್ಣುತೀರ್ಥರ ಕಡೆ ತಿರುಗಿದಳು. "ಮಾಮಾ, ನೀವೂ ಬನ್ನಿ."