ಶಕ್ತಿಮಾನ್ ಲಾರಿಯ ಬಾಗಿಲು

ನಂಜನಗೂಡಿನ ಮಾಜಿ ಸೈನಿಕರ ಸಂಘದವರು ತಗಡಿನ ಶೆಡ್ಡು ಹಾಕಿ, ಸೈನ್ಯ ಗುಜರಿಗೆ ಬಿಟ್ಟ ಮೂರು ಗಾಡಿ ತಂದು ನಿಲ್ಲಿಸಿ, ಮ್ಯೂಸಿಯಂ ಎಂದು ಹೆಸರಿಟ್ಟಿದ್ದರು. ಯಾವ ಗಾಡಿ ಯಾವ ಕಾಲದ್ದೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಅಭ್ಯಾಸವೂ ಇರಲಿಲ್ಲ. ಬೋರ್ಡು ಬರೆಸಬೇಕಾಗಿ ಬಂದಾಗ ಸೈನ್ಯದಲ್ಲಿ ಮೆಕ್ಯಾನಿಕ್ಕಾಗಿದ್ದ ಗುರುಮಲ್ಲಪ್ಪನವರನ್ನು ಕರೆಸಿದರು.

ಜೋಂಗಾ ಜೀಪು, ನಿಸ್ಸಾನ್ ಟ್ರಕ್ಕು ಎರಡನ್ನೂ ಅವರು ಶೆಡ್ಡಿನ ಹೊರಗಿಂದಲೇ ಗುರುತಿಸಿದರು. ಶಕ್ತಿಮಾನ್ ಲಾರಿಯ ಪ್ಲೇಟಿನ ಮೇಲಿನ ಬಣ್ಣ ಕೆರೆದು, ಅದು ತಯಾರಾದ ಇಸವಿಯನ್ನು ಗಟ್ಟಿಯಾಗಿ ಓದಿದರು.

ಕಾರ್ಯದರ್ಶಿ ಪುಟ್ಟಬಸವಯ್ಯನವರ ಮುಖ ಇಳಿಯಿತು. ಉದ್ಘಾಟನೆಯ ದಿನ, ಮೈಕು ಕೈಗೆ ಸಿಕ್ಕ ಹುರುಪಿನಲ್ಲಿ, ಕವಲಂದೆಯ ಡ್ರೈವರ್ ರಂಗಸ್ವಾಮಿ ಲಡಾಖಿನ ಹೊಳೆಗೆ ಉರುಳಿ ಸತ್ತದ್ದು ಇದೇ ಲಾರಿಯಲ್ಲಿ ಎಂದುಬಿಟ್ಟಿದ್ದರಂತೆ. ಈಗ ನೋಡಿದರೆ, ಅವನು ಸತ್ತು ಮೂರು ವರ್ಷವಾದ ಮೇಲೆ ಈ ಲಾರಿ ಹುಟ್ಟಿದೆ. ಹೆಣ ಸಿಕ್ಕಿರಲಿಲ್ಲ, ಎಡೆ ಇಡಲು ಸಮಾಧಿಯಿಲ್ಲ. ಹಾಗಾಗಿ ಅವನ ಹೆಂಡತಿ ದೇವೀರಮ್ಮ ವರ್ಷವೂ ಮಾಳಯದ ಅಮಾವಾಸ್ಯೆಗೆ ಎಡೆಯನ್ನು ಇಲ್ಲಿಗೇ ತರುತ್ತಿದ್ದರು.

“ಇವತ್ತು ಅದೇ ಅಮಾವಾಸ್ಯೆ, ಬರ್ತಾರೆ ಕಣ್ರೀ. ಇಸವಿ ಗಿಸವಿ ಎತ್ಬೇಡಿ,” ಎಂದರು ಪುಟ್ಟಬಸವಯ್ಯ.

ಗುರುಮಲ್ಲಪ್ಪ ಆಗಲಿ ಎಂದು ತಲೆಯಾಡಿಸಿದರು.

ದೇವೀರಮ್ಮ ಬಸ್ಸಿಳಿದು ಬಂದು, ಲಾರಿಯ ಮುಂದೆ ಬಾಳೆಲೆ ಹಾಸಿ ಮುದ್ದೆ, ಕೋಳಿಸಾರು ಬಡಿಸಿದರು. ಪಕ್ಕಕ್ಕೆ ಬೀಡಿಕಟ್ಟು, ಒಂದು ಕ್ವಾರ್ಟರ್ ರಮ್ಮು. ಲಿಂಗ ಕಟ್ಟಿದ ಗುರುಮಲ್ಲಪ್ಪ ಎರಡು ಹೆಜ್ಜೆ ಹಿಂದೆ ಸರಿದರು. ಕೋಳಿಗೂ ರಮ್ಮಿಗೂ ಅವರು ಸೈನ್ಯದಲ್ಲಿ ಒಗ್ಗಿಹೋಗಿದ್ದ ವಿಷಯ ಊರಿಗೆ ಗೊತ್ತಿರಲಿಲ್ಲ.

ಕೈಮುಗಿದಾದ ಮೇಲೆ ದೇವೀರಮ್ಮ ಡ್ರೈವರ್ ಕಡೆಯ ಬಾಗಿಲನ್ನು ಎಳೆದರು. ತೆರೆಯಿತು. ಮುಚ್ಚಿ, ಮತ್ತೆ ಎಳೆದರು. ಅಲ್ಲಿ ನಿಂತಿದ್ದ ಗುರುಮಲ್ಲಪ್ಪ ಮೆಕ್ಯಾನಿಕ್ಕೆಂದು ತಿಳಿದದ್ದೇ ಅವರ ಹತ್ತಿರ ಬಂದರು.

“ವರ್ಸ ವರ್ಸ ತಗ್ದ್ ನೋಡ್ತೀನಿ ಸಾ. ಒಂದೇ ಎಳೆತಕ್ಕೆ ಬತ್ತದೆ. ಅಂಗಾರೆ ಅವ್ರ್ ಯಾಕ್ ನೆಗೀಲಿಲ್ಲ?”

ಕೊನೆಯ ರಜೆಯಲ್ಲಿ ಗಂಡಹೆಂಡಿರಿಗೆ ಜಗಳವಾಗಿತ್ತಂತೆ. ಹೊರಡುವ ದಿನ ಇವರು ಬುತ್ತಿ ಕಟ್ಟಲಿಲ್ಲ, ಅವನು ಕೇಳಲಿಲ್ಲ. ಬಾಗಿಲು ಇಷ್ಟು ಸಲೀಸಾಗಿದ್ದ ಮೇಲೆ, ಅವನಿಗೆ ಮನೆಗೆ ಬರುವ ಮನಸ್ಸೇ ಇರಲಿಲ್ಲವೇನೋ ಎಂಬುದು ಅವರ ಲೆಕ್ಕ.

ಪುಟ್ಟಬಸವಯ್ಯ ಕೆಮ್ಮಿದರು. ಗುರುಮಲ್ಲಪ್ಪ ಅತ್ತ ನೋಡಲಿಲ್ಲ.

“ಇದು ಅವರ ಗಾಡಿ ಅಲ್ಲ ಕಣವ್ವಾ. ಅವರು ಹೋದ್ಮೇಲೆ ಮಾಡಿದ್ದು. ಈ ಬಾಗಿಲನ್ನ ಕೇಳಿ ಏನೂ ಪ್ರಯೋಜನ ಇಲ್ಲ.”

ದೇವೀರಮ್ಮ ಲಾರಿಯನ್ನು ನೋಡಿದರು, ಎಲೆಯನ್ನು ನೋಡಿದರು. “ಅಂಗಾರೆ ಇಷ್ಟ್ ವರ್ಸ ನಾನು ಯಾರಿಗ್ ಇಕ್ದೆ?”

ಮೈಕಿಲ್ಲದ ಪುಟ್ಟಬಸವಯ್ಯ ನೆಲ ನೋಡುತ್ತಿದ್ದರು.

“ಅವ್ರ್ ಗಾಡಿ ಬಾಗ್ಲು?” ಎಂದರು ದೇವೀರಮ್ಮ.

ಕಣ್ಣಾರೆ ನೋಡದ ಗಾಡಿಯ ಬಗ್ಗೆ ಗುರುಮಲ್ಲಪ್ಪ ಬದುಕಿನಲ್ಲಿ ಒಂದು ಮಾತು ಆಡಿದವರಲ್ಲ. “ಹಳೇ ಗಾಡಿ. ಆ ಚಳಿಗೆ ಬಾಗಿಲು ಕಚ್ಕೊಂಡ್ಬಿಡ್ತದೆ,” ಎಂದರು.

“ಎಳ್ದಿರ್ತಾರೆ, ಅಲ್ವಾ ಸಾ?”

“ಎಳ್ದಿರ್ತಾರೆ ಕಣವ್ವಾ.”

ದೇವೀರಮ್ಮನ ಮುಖ ಒಂದು ಗಳಿಗೆ ಹಗುರಾಯಿತು. ಆಮೇಲೆ, ಬಾಗಿಲು ಎಳೆಯುತ್ತಲೇ ಇರುವ ಆ ಕೈ ಕಣ್ಣಿಗೆ ಕಟ್ಟಿತೇನೋ, ತಮ್ಮದಲ್ಲದ ಲಾರಿಯ ಮೆಟ್ಟಿಲ ಮೇಲೆ ಕುಸಿದು, ಸೆರಗನ್ನು ಬಾಯಿಗೆ ಒತ್ತಿಕೊಂಡರು.