ಎರಡನೆಯ ಬದಿ ಮೊದಲು

ಎಂದೂ ನೋಡದ ಒಂದು ಸಿನಿಮಾದ ಹಾಡುಗಳನ್ನು ನಾನು ಅರ್ಧ ಆಯುಷ್ಯ ಕೇಳಿದ್ದೇನೆ. ಸಿಂದಗಿಯಲ್ಲಿ ಇದನ್ನು ಯಾರಿಗೂ ಹೇಳುವಂತಿಲ್ಲ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಮ್ಮೆ ಬಾಯಿ ಬಿಟ್ಟೆ. ಇತಿಹಾಸ ಹೇಳುವ ನಿಷತ ಮೇಡಂ ಇಂಗ್ಲಿಷ್ ರಾಕ್ ಕೇಳುತ್ತಾರಂತೆ ಎಂದು ವಾರಗಟ್ಟಲೆ ನಕ್ಕರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದುಕೊಂಡು ಸುಮ್ಮನಾದೆ.

ಆ ಹಾಡುಗಳ ಕ್ಯಾಸೆಟ್ಟನ್ನು ನಮ್ಮ ಮನೆಗೆ ತಂದವಳು ನನ್ನ ಓರಗೆಯ ಸಂಪದಾ. ತೊಂಬತ್ತರ ದಶಕದ ಕೊನೆಯಲ್ಲಿ ಆಕೆಯ ಅಪ್ಪ ಸರಕಾರಿ ಕೆಲಸದ ಮೇಲೆ ವರ್ಗವಾಗಿ ಬಂದು ನಮ್ಮ ಓಣಿಯಲ್ಲೇ ಮನೆ ಹಿಡಿದಿದ್ದರು. ಪುಣೆಯಿಂದ ರಜೆಗೆ ಬಂದ ಆಕೆಯ ಅಣ್ಣನೊಬ್ಬ ಅದನ್ನು ಜೊತೆಗೆ ತಂದಿದ್ದ. ಅಮೆರಿಕದ ಹೈಸ್ಕೂಲು ಹುಡುಗರ ಕಥೆಯಂತೆ, ಕೊಲೆ, ಸಾವು, ಕತ್ತಲೆ. ಡಬ್ಬಿಯ ಮೇಲೆ ಕಣ್ಣಿನ ಸುತ್ತ ಕಪ್ಪು ಬಳಿದುಕೊಂಡ ಒಬ್ಬ ಹುಡುಗಿ ನೀರಿಲ್ಲದ ಈಜುಕೊಳದ ಅಂಚಿಗೆ ಕೂತಿದ್ದಳು. ಒಳಗೆ ಬರೀ ಗಿಟಾರು, ಡ್ರಮ್ಮು, ಗಂಟಲು ಹರಿಯುವಂತೆ ಕೂಗುವ ದನಿಗಳು. ಅಡಿಗೆಮನೆಯಿಂದ ನಮ್ಮಮ್ಮ ಮಾಬುಬಿ, ಯಾರು ಯಾರಿಗೆ ಹೊಡೆಯುತ್ತಿದ್ದಾರೆ ಎಂದು ಕೇಳುತ್ತಿದ್ದಳು. ನನಗೋ, ನನ್ನ ಹೊಟ್ಟೆಯೊಳಗಿನ ಸಿಟ್ಟನ್ನು ಯಾರೋ ಏಳು ಸಮುದ್ರದಾಚೆ ಕೂತು ಹಾಡಿದಂತೆ ಅನಿಸುತ್ತಿತ್ತು.

ಆಕೆಯ ಆ ಅಣ್ಣ ಪುಣೆಗೆ ಮರಳುವ ಮೊದಲು ನಾವು ಬಸ್ ಸ್ಟ್ಯಾಂಡಿನ ಹತ್ತಿರ ಗೈಬುಸಾಬನ ಅಂಗಡಿಯಲ್ಲಿ ಅದನ್ನು ಇನ್ನೊಂದು ಕ್ಯಾಸೆಟ್ಟಿಗೆ ತುಂಬಿಸಿದೆವು. ದಿನವಿಡೀ ಕವ್ವಾಲಿ, ಭಜನೆ ತುಂಬುವ ಮನುಷ್ಯ. ಇಂಗ್ಲಿಷಿಗೆ ಹಿಂದೇನು ಮುಂದೇನು ಎಂದು ಎರಡನೆಯ ಬದಿಯನ್ನೇ ಮೊದಲು ತುಂಬಿದ; ಅದು ಆಗ ನಮಗೂ ಗೊತ್ತಾಗಲಿಲ್ಲ. ಟೇಪು ಖಾಲಿ ಬಿಟ್ಟು ಕೊಟ್ಟರೆ ಗಿರಾಕಿಗೆ ಮೋಸ ಮಾಡಿದಂತೆ ಎನ್ನುವುದು ಆ ಅಂಗಡಿಯ ನೇಮ. ಹಾಗಾಗಿ ಕೊನೆಗೆ ಉಳಿದ ಜಾಗಕ್ಕೆ ಮೊಹರಮ್ಮಿನಲ್ಲಿ ಹಾಡುವ ರಿವಾಯತ ಪದ ಹಾಕಿದ.

ಸಿನಿಮಾ ನಮ್ಮೂರ ಟಾಕೀಸಿಗೆ ಬರುವುದು ಕನಸಿನ ಮಾತು. ಅದಕ್ಕೇ ನಾವೇ ಒಂದು ಸಿನಿಮಾ ಕಟ್ಟಿಕೊಂಡೆವು. ಮೊದಲ ಹಾಡಿನಲ್ಲಿ ಯಾರೋ ಅಳುತ್ತಿದ್ದರು, ಆದ್ದರಿಂದ ಹುಡುಗಿ ಮೊದಲೇ ಸತ್ತಳು. ನಡುವೆ ಎಲ್ಲರಿಗೂ ಸಿಟ್ಟು. ಕೊನೆಯ ಹಾಡು ಕುಣಿಯುವಂಥದ್ದು, ಅಲ್ಲಿ ಇಬ್ಬರು ಗೆಳತಿಯರು ಶಾಲೆಯಲ್ಲಿ ಮೊದಲ ಸಲ ಭೇಟಿಯಾಗುತ್ತಾರೆ. ಆಮೇಲೆ ರಿವಾಯತ ಬರುತ್ತದಲ್ಲ, ಅದಕ್ಕೆ ಇಬ್ಬರೂ ಒಂದೇ ಸೈಕಲ್ ಹತ್ತಿ ಹತ್ತಿರದ ಕನ್ನೊಳ್ಳಿಗೆ ಮೊಹರಂ ನೋಡಲು ಹೋಗುತ್ತಾರೆ. ನಾನು ಹೇಳುತ್ತಿದ್ದೆ, ಸಂಪದಾ ಹ್ಞೂಂ ಅನ್ನುತ್ತಿದ್ದಳು.

ಆಮೇಲೆ ಆಕೆಯ ಅಪ್ಪನಿಗೆ ಮತ್ತೆ ವರ್ಗವಾಯಿತು. ಸಂಪದಾ ಮದುವೆಯಾಗಿ ಮುದ್ದೇಬಿಹಾಳದಲ್ಲಿ ಗಣಿತದ ಟೀಚರಾದಳು. ನಾನು ಮದುವೆಯಾಗಲಿಲ್ಲ, ಅಣ್ಣ ತಬ್ರೇಜನ ಮನೆಯ ಮಾಳಿಗೆಯ ಮೇಲಿದ್ದೇನೆ. ಮುದ್ದೇಬಿಹಾಳವೇನು ಸಾತ್ ಸಮುಂದರ್ ಪಾರ್ ಇಲ್ಲ, ತಾಳಿಕೋಟೆಗೆ ಹೋಗಿ ಬಸ್ಸು ಬದಲಿಸಿದರೆ ಬಂತು. ಆದರೂ ಹಬ್ಬಕ್ಕೊಂದು ಮೆಸೇಜು ಬಿಟ್ಟರೆ ನಮ್ಮ ನಡುವೆ ಏನೂ ಉಳಿದಿರಲಿಲ್ಲ.

ಮೊನ್ನೆ ತಬ್ರೇಜನ ಮಗಳು ಗುಲನಾಜ ಆ ಹಾಡುಗಳನ್ನು ಫೋನಿನಲ್ಲಿ ಹುಡುಕಿಕೊಟ್ಟಳು. ಕೇಳಿದರೆ ಎಲ್ಲ ಉಲ್ಟಾ. ಕುಣಿಯುವ ಹಾಡಿನ ಬದಿ ಮೊದಲು, ಅಳುವ ಹಾಡಿನ ಬದಿ ಆಮೇಲೆ. ಗೆಳತಿಯರು ಮೊದಲು ಭೇಟಿಯಾಗಿ, ಆಮೇಲೆ ಅವರಲ್ಲೊಬ್ಬಳು ಸಾಯುವ ಕಥೆ ಅದು. ಗೈಬುಸಾಬ ಬದಿ ತಿರುಗಿಸಿ ನಮ್ಮ ಹುಡುಗಿಯನ್ನು ಬದುಕಿಸಿಬಿಟ್ಟಿದ್ದ. ಒಬ್ಬಳೇ ಕೂತು ಹೊಟ್ಟೆ ಹಿಡಿದು ನಕ್ಕೆ. ನಕ್ಕು ಮುಗಿದ ಮೇಲೆ ಅಳು ಬಂತು, ಏಕೆಂದರೆ ಇದನ್ನು ಹೇಳಿದರೆ ನಗಬಲ್ಲವಳು ಇಡೀ ಭೂಮಿಯ ಮೇಲೆ ಒಬ್ಬಳೇ. ಆಕೆ ಒಂದು ಸಲ ನಕ್ಕರೆ ಸಾಕಿತ್ತು, ಇಷ್ಟು ವರ್ಷ ನಾನು ಒಬ್ಬಳೇ ಹುಚ್ಚಿಯಾಗಿರಲಿಲ್ಲ ಎಂದು ಸಮಾಧಾನವಾಗುತ್ತಿತ್ತು. ಭಾನುವಾರ ಬಸ್ಸು ಹತ್ತಿದೆ.

ಸಂಪದಾ ಬಾಗಿಲಲ್ಲೇ ಕೈ ಹಿಡಿದುಕೊಂಡಳು. ಆಕೆಯ ಗಂಡ ಮಗಳನ್ನು ನೋಡಲು ಬೇರೆ ಊರಿಗೆ ಹೋಗಿದ್ದ. ನಾನು ನೀರು ಕುಡಿಯುವ ಮೊದಲೇ ಕಥೆ ಶುರು ಮಾಡಿದೆ. ಬೇರೆಯವರ ಮಕ್ಕಳ ಫೋಟೋ ನೋಡುವಾಗ ನಗುತ್ತೇವಲ್ಲ, ಆಕೆ ಹಾಗೆ ನಕ್ಕಳು. ಇಯರ್ ಫೋನಿನ ಒಂದು ತುದಿ ಆಕೆಯ ಕಿವಿಗೆ ಇಟ್ಟೆ, ಇನ್ನೊಂದು ನನ್ನ ಕಿವಿಗೆ. ಎರಡನೆಯ ಹಾಡಿಗೇ ಆಕೆಯ ಕಣ್ಣು ಕುಕ್ಕರಿನ ಕಡೆ ಹೋಯಿತು. ನನಗೆ ರೇಗಿತು. ನಮ್ಮ ಸಿನಿಮಾ ನೆನಪಾದರೂ ಇದೆಯೋ ಇಲ್ಲವೋ ಎಂದು ಕೇಳಿದೆ.

ಆಕೆ ಕಿವಿಯಿಂದ ತುದಿ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಖರೇ ಹೇಳ್ಲೇನು ನಿಷತ? ನನಗ ಆ ಹಾಡು ಎಂದೂ ಸೇರಲಿಲ್ಲ. ತಲಿ ನೋಯ್ತಿತ್ತು."

"ಮತ್ತ ದಿನಾ ಯಾಕ ಬರ್ತಿದ್ದಿ?"

"ನಮ್ಮ ಮನ್ಯಾಗ ಅಪ್ಪ, ಅವ್ವ ಒಬ್ಬರಿಗೊಬ್ಬರು ಮಾತಾಡ್ತಿದ್ದಿಲ್ಲ. ಏನರ ಹೇಳೋದಿದ್ರ ನನ್ನ ಕಡೆ ಹೇಳಿ ಕಳಸ್ತಿದ್ರು. ನೀವೆಲ್ಲಾ ಸುತ್ತ ಕೂತು ಒಂದ ತಾಟಿನ್ಯಾಗ ಉಣ್ತಿದ್ರಿ, ಜಗಳಾ ಮಾಡ್ತಿದ್ರಿ, ನಗ್ತಿದ್ರಿ. ನಿಮ್ಮಲ್ಲೆ ಏನೂ ಬಾಯಾಗ ಹಾಕಬ್ಯಾಡಂತ ನಮ್ಮಜ್ಜಿ ಆಣಿ ಹಾಕಿದ್ಲು. ಕ್ಯಾಸೆಟ್ ಇದ್ದಿದ್ದಿಲ್ಲಂದ್ರ, ಊಟಕ್ಕೂ ಕೂಡಲಾರದಾಕಿ ಸುಮ್ಮ ಕೂತು ನೋಡ್ಲಿಕ್ಕೆ ಯಾರ ಬಿಡ್ತಾರ?"

ಮೊದಲು ಉರಿದುಹೋದೆ, ಮೋಸ ಹೋದೆ ಅನಿಸಿತು. ಆ ಕೋಣೆಯಲ್ಲಿ ಹಾಡು ಕೇಳುವವರು ಇಬ್ಬರಿದ್ದರು ಎಂಬ ನಂಬಿಕೆಯ ಮೇಲೆ ನಾನು ಇಷ್ಟು ವರ್ಷ ಕಳೆದಿದ್ದೆ. ಇದ್ದವಳು ನಾನೊಬ್ಬಳೇ. ನಾನು ಕಣ್ಣು ಮುಚ್ಚಿಕೊಂಡು ಸಿನಿಮಾ ಕಟ್ಟುತ್ತಿದ್ದಾಗ, ನನಗಿಂತ ಒಂಟಿಯಾದವಳೊಬ್ಬಳು ನನ್ನ ಮೊಣಕೈಗೆ ತಾಗಿ ಕೂತು ನಮ್ಮಮ್ಮನ ತಾಟು ನೋಡುತ್ತಿದ್ದಳು.

ಆಕೆ ಎರಡು ತಾಟು ಹಾಕಿದಳು. ಉಣ್ಣುತ್ತ ಮನೆಯವರ ಬಗ್ಗೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿದಳು. ಅಮ್ಮ ಹೋಗಿ ಬಹಳ ದಿನವಾಯಿತು ಎಂದೆ. ಈಗ ಕೆಳಗೆ ಎಲ್ಲರೂ ಟಿವಿ ಮುಂದೆ ಕೂತು ಅವರವರ ತಾಟು ಅವರವರು ಮುಗಿಸುತ್ತಾರೆ, ನನ್ನದು ಮಾಳಿಗೆಯ ಮೇಲೆ ಎಂದೆ. ಹಾಡಿಗೆ ಕೊಡದ ಕಿವಿಯನ್ನು ಆಕೆ ಈ ಮಾತಿಗೆ ಪೂರ್ತಿ ಕೊಟ್ಟಿದ್ದಳು.

"ಮ್ಯಾಲೆ ಯಾರ ತಂದ್ ಕೊಡ್ತಾರ?"

"ನಾನ ಹೋಗಿ ತಂದ್ಕೋತೇನಿ."

ಆಕೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ಬೇಡ ಅನ್ನದೆ ಅದನ್ನೂ ಮುರಿದೆ.

ಸಂಜೆ ಬಸ್ಸಿನವರೆಗೂ ಬಂದಳು. ಮತ್ತೆ ಯಾವಾಗ ಬರುತ್ತೀ ಎಂದು ಕಿಟಕಿಯ ಸರಳು ಹಿಡಿದು ಕೇಳಿದಳು. ಬರ್ತೇನಿ ಅಂದೆ. ಮದುವೆ, ಮಣ್ಣು, ನಾಮಕರಣ ಎಂದು ಕೈಯಲ್ಲೊಂದು ಕಾರಣ ಹಿಡಿಯದೆ ನಾನು ಯಾರ ಹೊಸ್ತಿಲನ್ನೂ ತುಳಿದವಳಲ್ಲ. ಮುಂದಿನ ಸಲ ಯಾಕೆ ಬಂದೆ ಎಂದರೆ ಏನು ಹೇಳಲಿ ಎಂದು ತಾಳಿಕೋಟೆ ದಾಟುವವರೆಗೂ ಯೋಚಿಸಿದೆ. ಆಕೆಗಾದರೂ ಒಂದು ಕ್ಯಾಸೆಟ್ಟಿತ್ತು, ನನಗೆ ಏನೂ ಹೊಳೆಯಲಿಲ್ಲ.